ಪಕ್ಕದ ಬೆಂಚಿನಲ್ಲಿ ಯಾರು ಕೂತಿದ್ದಾರೆ?

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ಯಾವ ಕನ್ನಡಿಗರನ್ನಾದರೂ ಕೇಳಿ ನೋಡಿ. ಮನೆಗಿಂತ ಮೊದಲು ಶಾಲೆ ನೋಡಿದೆವು ಅನ್ನುತ್ತಾರೆ. ಶಾಲೆ ಅಂದರೆ ಶಾಲೆಯ ರೇಟಿಂಗ್. ಹತ್ತಕ್ಕೆ ಒಂಬತ್ತಾ, ಹತ್ತಾ ಅನ್ನುವ ಲೆಕ್ಕ. ನಾನಿರುವ ಕನೆಕ್ಟಿಕಟ್ ರಾಜ್ಯದಲ್ಲಂತೂ ಈ ಲೆಕ್ಕ ಜಾಸ್ತಿ. ಪುಟ್ಟ ರಾಜ್ಯ, ಆದರೆ 169 ಊರುಗಳು. ಬಹುಪಾಲು ಊರುಗಳಿಗೆ ತಮ್ಮದೇ ಶಾಲಾ ಮಂಡಳಿ, ತಮ್ಮದೇ ತೆರಿಗೆ. ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದು ಆ ಊರಿನ ಆಸ್ತಿ ತೆರಿಗೆಯಿಂದ. ಮನೆ ದುಬಾರಿ ಇರುವ ಊರಲ್ಲಿ ಶಾಲೆ ಚೆನ್ನಾಗಿರುತ್ತದೆ. ಶಾಲೆ ಚೆನ್ನಾಗಿದೆ ಅಂತ ಮನೆ ಇನ್ನೂ ದುಬಾರಿಯಾಗುತ್ತದೆ. ಬಡವರ ಮಕ್ಕಳು ಊರಿನ ಗಡಿಯಾಚೆಗೇ ಉಳಿಯುತ್ತಾರೆ. ಯಾರೂ ಅವರನ್ನು ತಡೆದಿಲ್ಲ, ಎಲ್ಲೂ ಬೋರ್ಡು ಹಾಕಿಲ್ಲ. ಮನೆ ಬಾಡಿಗೆಯೇ ಆ ಕೆಲಸ ಮಾಡಿಬಿಡುತ್ತದೆ.

ನಮ್ಮ ಊರಿನ ಶಾಲೆಗೂ ಒಳ್ಳೆಯ ರೇಟಿಂಗ್ ಇದೆ. ಆದರೂ ಮಗಳನ್ನು ಅಲ್ಲಿಗೆ ಕಳಿಸಲಿಲ್ಲ. ಹಾರ್ಟ್‌ಫರ್ಡ್ ನಗರದ ಸುತ್ತಮುತ್ತ ಇರುವ ಮ್ಯಾಗ್ನೆಟ್ ಶಾಲೆಗಳಿಗೆ, ಅಂದರೆ ಬೇರೆ ಬೇರೆ ಊರುಗಳ ಮಕ್ಕಳು ಬೆರೆಯಲಿ ಅಂತಲೇ ತೆರೆದ ಸರ್ಕಾರಿ ಶಾಲೆಗಳಿಗೆ, ಅರ್ಜಿ ಹಾಕಿದೆವು. ಸೀಟು ಹಂಚುವ ಲಾಟರಿಯಲ್ಲಿ ಹೆಸರು ಬಂತು, ಸೇರಿಸಿದೆವು. ಅವಳು ಚಿಕ್ಕವಳಾದ್ದರಿಂದ ಶಾಲೆಯ ಹೆಸರು ಇಲ್ಲಿ ಬೇಡ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಇದನ್ನು ಕೇಳಿ ನಿಜವಾಗಿಯೂ ನೊಂದುಕೊಂಡರು. "ಅಲ್ರೀ, ಇಷ್ಟು ಒಳ್ಳೆ ಊರಲ್ಲಿ ಮನೆ ತಗೊಂಡು, ಮಗಳ ಓದನ್ನ ಲಾಟರಿಗೆ ಬಿಟ್ರಾ?" ಅಂದರು. ಅವರ ಕಾಳಜಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಸಾಲಿನಲ್ಲಿ ನಿಂತು ಕೊಡಬಹುದಾದ ಉತ್ತರ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಪ್ಪು ಮಕ್ಕಳಿಗೆ ಒಂದು ಶಾಲೆ, ಬಿಳಿ ಮಕ್ಕಳಿಗೆ ಇನ್ನೊಂದು ಶಾಲೆ ಅನ್ನುವ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದಿತು. ತೀರ್ಪು ಬಂದರೂ ಮಕ್ಕಳು ಬೆರೆಯಲಿಲ್ಲ. ಅನುಕೂಲಸ್ಥ ಬಿಳಿಯರು ನಗರ ಬಿಟ್ಟು ಹೊರವಲಯದ ಊರುಗಳಿಗೆ ಹೋದರು. 1971ರಲ್ಲಿ, ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸಿಯಾದರೂ ಬೆರೆಸಬಹುದು ಎಂದು ಕೋರ್ಟು ಒಪ್ಪಿತು. 1974ರಲ್ಲಿ ಬೋಸ್ಟನ್ ನಗರದಲ್ಲಿ ಅಂಥ ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಒಳಗೆ ಕೂತಿದ್ದವರು ಶಾಲೆಯ ಮಕ್ಕಳು. ಅದೇ ವರ್ಷ ಡೆಟ್ರಾಯ್ಟ್ ಮೊಕದ್ದಮೆಯಲ್ಲಿ ಕೋರ್ಟು, ನಗರದ ಶಾಲೆಗಳನ್ನು ಸರಿಪಡಿಸಲು ಸುತ್ತಲಿನ ಊರುಗಳನ್ನು ಎಳೆದು ತರುವಂತಿಲ್ಲ ಎಂದಿತು. ಬಲವಂತದ ದಾರಿ ಅಲ್ಲಿಗೆ ಹೆಚ್ಚೂಕಡಿಮೆ ಮುಚ್ಚಿತು.

ಉಳಿದದ್ದು ಆಸೆ ಹುಟ್ಟಿಸುವ ದಾರಿ. 1968ರಲ್ಲೇ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಮೆಕಾರ್ವರ್ ಅನ್ನುವ ಪ್ರಾಥಮಿಕ ಶಾಲೆ ಇದನ್ನು ಮಾಡಿ ತೋರಿಸಿತ್ತು. ಬಡಾವಣೆಯ ಕಪ್ಪು ಮಕ್ಕಳೇ ತುಂಬಿದ್ದ ಶಾಲೆಗೆ ಹೊಸ ಬಗೆಯ ಕಲಿಕೆ ತಂದರು. ನಿಮ್ಮ ಮಕ್ಕಳನ್ನೂ ಕಳಿಸಿ ಅಂತ ಊರಿಗೆಲ್ಲ ಬಾಗಿಲು ತೆರೆದರು. ಬೇರೆ ಕಡೆ ಸಿಗದ್ದು ಇಲ್ಲಿ ಸಿಗುತ್ತದೆ ಅಂತಾದರೆ ತಂದೆತಾಯಿ ತಾವಾಗಿಯೇ ಬರುತ್ತಾರೆ. ಒಂದು ಶಾಲೆಯಲ್ಲಿ ಸಂಗೀತ, ಇನ್ನೊಂದರಲ್ಲಿ ವಿಜ್ಞಾನ, ಮತ್ತೊಂದರಲ್ಲಿ ಜಾಗತಿಕ ಪೌರತ್ವ. ಇವೆಲ್ಲ ಕರೆಯುವ ನೆಪಗಳು. ಮಕ್ಕಳು ಬೆರೆಯಬೇಕು ಅನ್ನುವುದು ಮೂಲ ಉದ್ದೇಶ. ನಮ್ಮವರು ಬಹಳ ಮಂದಿ ಮ್ಯಾಗ್ನೆಟ್ ಶಾಲೆ ಅಂದರೆ ಬುದ್ಧಿವಂತ ಮಕ್ಕಳ ಶಾಲೆ ಅಂದುಕೊಂಡಿದ್ದಾರೆ. ಕೆಲವು ನಗರಗಳಲ್ಲಿ ಪ್ರವೇಶ ಪರೀಕ್ಷೆ ಇಟ್ಟು ಅದನ್ನು ಹಾಗೇ ಮಾಡಿಬಿಟ್ಟಿದ್ದಾರೆ ಕೂಡ. ಆದರೆ ಅದು ಹುಟ್ಟಿದ ಕಾರಣ ಬೇರೆ.

ಹಾರ್ಟ್‌ಫರ್ಡ್ ಕಥೆ 1989ರಲ್ಲಿ ಶುರುವಾಯಿತು. ಎಲಿಜಬೆತ್ ಹಾರ್ಟನ್ ಶೆಫ್ ಅನ್ನುವ ತಾಯಿ, ನಾಲ್ಕನೇ ಕ್ಲಾಸಿನಲ್ಲಿದ್ದ ತನ್ನ ಮಗ ಮೈಲೋನ ಪರವಾಗಿ, ಇನ್ನಷ್ಟು ಮಕ್ಕಳ ಜೊತೆ ಸೇರಿ ರಾಜ್ಯದ ಮೇಲೆ ದಾವೆ ಹೂಡಿದರು. ಆಗ ಹಾರ್ಟ್‌ಫರ್ಡ್‌ನ ಸರ್ಕಾರಿ ಶಾಲೆಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳು ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳವರು. ಕಾರಿನಲ್ಲಿ ಹದಿನೈದು ನಿಮಿಷ ಹೋದರೆ ಸಿಗುವ ಊರುಗಳಲ್ಲಿ ಬಹುತೇಕ ಎಲ್ಲರೂ ಬಿಳಿಯರು. 1996ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು 4–3ರ ಬಹುಮತದಿಂದ ಮಕ್ಕಳ ಪರ ತೀರ್ಪು ಕೊಟ್ಟಿತು. ಯಾರೂ ಬೇಕಂತಲೇ ಬೇರೆ ಮಾಡಿಲ್ಲ ಅನ್ನುವುದು ಸಬೂಬಲ್ಲ, ಆಗಿರುವುದನ್ನು ಸರಿಪಡಿಸುವ ಹೊಣೆ ರಾಜ್ಯದ್ದೇ ಎಂದಿತು. ಅಷ್ಟು ಹೊತ್ತಿಗೆ ಮೈಲೋ ಹದಿನೇಳರ ಹುಡುಗ. ಮೊದಲ ಒಪ್ಪಂದ ಆಗಿದ್ದು 2003ರಲ್ಲಿ. ಆಮೇಲೆ ಮತ್ತೆ ಮತ್ತೆ ಮಾತುಕತೆ ನಡೆದು 2022ರಲ್ಲಿ ದೊಡ್ಡದೊಂದು ಒಪ್ಪಂದಕ್ಕೆ ಬಂದರು.

ಇಷ್ಟರ ಫಲವಾಗಿ ಬಂದವು ಇಲ್ಲಿನ ಮ್ಯಾಗ್ನೆಟ್ ಶಾಲೆಗಳು. ಬ್ಲೂಮ್‌ಫೀಲ್ಡ್‌ನಲ್ಲಿ ಜಾಗತಿಕ ಅಧ್ಯಯನಕ್ಕೆ ಅಂತಲೇ ಆರರಿಂದ ಹನ್ನೆರಡರವರೆಗಿನ ಶಾಲೆ ಇದೆ. ಸೌತ್ ವಿಂಡ್ಸರ್‌ನಲ್ಲಿರುವ ಪ್ರಾಥಮಿಕ ಶಾಲೆಯ ಹೆಸರಲ್ಲೇ 'ಗ್ಲೋಬಲ್ ಸಿಟಿಜನ್‌ಶಿಪ್' ಇದೆ. ಹೆಚ್ಚೂಕಡಿಮೆ ಅರ್ಧ ಮಕ್ಕಳು ಹಾರ್ಟ್‌ಫರ್ಡ್ ನಗರದಿಂದ, ಉಳಿದವರು ಸುತ್ತಲಿನ ಊರುಗಳಿಂದ. ಫೀಸಿಲ್ಲ, ಸೀಟಿಗೆ ಪರೀಕ್ಷೆ ಇಲ್ಲ. ಮನೆಯ ಹತ್ತಿರಕ್ಕೇ ಬಸ್ಸು ಬರುತ್ತದೆ. ಎಂಜಿನಿಯರ್ ಮಗಳಿಗೂ ಅಷ್ಟೇ, ರಾತ್ರಿ ಪಾಳಿಯಲ್ಲಿ ಆಸ್ಪತ್ರೆ ಗುಡಿಸುವವರ ಮಗನಿಗೂ ಅಷ್ಟೇ: ಚೀಟಿ ಎತ್ತಿದಾಗ ಹೆಸರು ಬರಬೇಕು.

ಇನ್ನು ಒಳಗೆ ಏನು ಕಲಿಸುತ್ತಾರೆ? ನನ್ನ ಮಗಳ ಶಾಲೆ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯಟ್) ಪಠ್ಯಕ್ರಮದ ಪ್ರಾಥಮಿಕ ಹಂತವನ್ನು ಅನುಸರಿಸುತ್ತದೆ. ಐಬಿ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ್ದು, ಪ್ರಾಥಮಿಕ ಶಾಲೆಗಳ ಕಾರ್ಯಕ್ರಮ ಶುರುವಾಗಿದ್ದು 1997ರಲ್ಲಿ. ಸಮಾಜ, ವಿಜ್ಞಾನ, ಭಾಷೆ ಅಂತ ಬೇರೆ ಬೇರೆ ಪೀರಿಯಡ್‌ಗಳಿಗಿಂತ ಒಂದು ವಿಷಯ ಹಿಡಿದು ವಾರಗಟ್ಟಲೆ ಅದರ ಸುತ್ತಲೇ ಎಲ್ಲವನ್ನೂ ಕಲಿಯುವ ರೀತಿ. ನಾವು ಯಾರು, ಜಗತ್ತು ಹೇಗೆ ನಡೆಯುತ್ತದೆ, ಈ ಭೂಮಿಯನ್ನು ಹೇಗೆ ಹಂಚಿಕೊಳ್ಳುತ್ತೇವೆ – ಇಂಥ ಆರು ವಿಷಯಗಳು. ಕೊನೆಯ ವರ್ಷ ಮಕ್ಕಳು ಗುಂಪಾಗಿ ತಾವೇ ಒಂದು ಪ್ರಶ್ನೆ ಆರಿಸಿ, ಹುಡುಕಾಡಿ, ಊರವರ ಮುಂದೆ ತೋರಿಸಬೇಕು. ಇದಕ್ಕೆ ಎಕ್ಸಿಬಿಷನ್ ಅನ್ನುತ್ತಾರೆ. ನಾನು ಕಣ್ಣಾರೆ ಕಂಡದ್ದು ಇದನ್ನು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಗಳ ಗುಂಪಿನಲ್ಲಿ ನಾಲ್ವರು. ಮೊದಲು ಅವರು ಆರಿಸಿದ್ದು 'ನೀರು ಉಳಿಸಿ'. ಟೀಚರ್ ಒಪ್ಪಲಿಲ್ಲ. ಇದು ಘೋಷಣೆ ಆಯಿತು, ನಿಮಗೆ ಗೊತ್ತಿಲ್ಲದ ಪ್ರಶ್ನೆ ತನ್ನಿ ಅಂದರು. ಆಗ ಗುಂಪಿನ ಒಬ್ಬ ಹುಡುಗ ಹಾರ್ಟ್‌ಫರ್ಡ್ ಕೆಳಗೆ ಒಂದು ನದಿ ಇದೆಯಂತೆ ಅಂದ. ಇದೆ. ಪಾರ್ಕ್ ನದಿ ಅಂತ. ಮೊದಲು ನಗರದ ನಡುವೆ, ಬುಶ್ನೆಲ್ ಪಾರ್ಕಿನ ಒಳಗೇ ಹರಿಯುತ್ತಿತ್ತು. 1936ರಲ್ಲಿ ದೊಡ್ಡ ಪ್ರವಾಹ ಬಂತು, 1938ರಲ್ಲಿ ಚಂಡಮಾರುತ. 1940ರಿಂದ ಸೇನೆಯ ಎಂಜಿನಿಯರುಗಳು ಆ ನದಿಯನ್ನು ಕಾಂಕ್ರೀಟ್ ಸುರಂಗದೊಳಗೆ ಹಾಕಿ ಮೇಲೆ ಮುಚ್ಚಿಬಿಟ್ಟರು. ಈಗ ಅದರ ಮೇಲೆ ರಸ್ತೆ, ಹುಲ್ಲುಹಾಸು. ಮಕ್ಕಳಿಗೆ ಕಥೆ ಹಿಡಿಸಿತು. ಮುಚ್ಚಿದ ನದಿ ಎಲ್ಲಿ ಹೋಗುತ್ತದೆ ಅಂತ ನಕ್ಷೆ ಬರೆಯಲು ಕೂತರು.

ಪ್ರಶ್ನೆಗೆ ತಿರುವು ಬಂದದ್ದು ಗುಂಪಿನ ಇನ್ನೊಬ್ಬ ಹುಡುಗಿಯಿಂದ. ಅವಳ ಮನೆ ಹಾರ್ಟ್‌ಫರ್ಡ್‌ನ ಉತ್ತರ ಭಾಗದಲ್ಲಿ. "ನದಿ ಮುಚ್ಚಿದರೆ ಪ್ರವಾಹ ನಿಲ್ಲುತ್ತದೆ ಅಂದರಲ್ಲ, ಹಾಗಾದರೆ ನಮ್ಮ ಅಜ್ಜಿ ಮನೆ ನೆಲಮಾಳಿಗೆಗೆ ಯಾಕೆ ನೀರು ಬರುತ್ತದೆ?" ಅಂತ ಕೇಳಿದಳು. ಹೊರ ಊರಿನ ಮೂರೂ ಮಕ್ಕಳಿಗೆ ನೆಲಮಾಳಿಗೆ ಅಂದರೆ ಆಟದ ಕೋಣೆ, ದೊಡ್ಡ ಟಿವಿ. ಅಲ್ಲಿಗೆ ಚರಂಡಿ ನೀರು ನುಗ್ಗುತ್ತದೆ ಅನ್ನುವುದು ಅವರಿಗೆ ಊಹೆಗೂ ಬಂದಿರಲಿಲ್ಲ.

ಒಂದು ಶನಿವಾರ ನಾವು ಮೂರು ಮನೆಯವರೂ ಮಕ್ಕಳನ್ನು ಕರೆದುಕೊಂಡು ಆ ಅಜ್ಜಿ ಮನೆಗೆ ಹೋದೆವು. ಬಟ್ಟೆ ಒಗೆಯುವ ಮೆಷೀನನ್ನು ಇಟ್ಟಿಗೆ ಜೋಡಿಸಿ ಮೇಲೆತ್ತಿ ಇಟ್ಟಿದ್ದರು. ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳು. ಪ್ರತಿ ಸಲ ನೀರು ಎಲ್ಲಿವರೆಗೆ ಬಂತೋ ಅಲ್ಲಿಗೆ ಒಂದು ಗೆರೆ, ಪಕ್ಕದಲ್ಲಿ ತಾರೀಖು. ಅಜ್ಜಿಯ ಕೈಬರಹ. ಮಕ್ಕಳು ಟೇಪು ಹಿಡಿದು ಒಂದೊಂದು ಗೆರೆಯ ಎತ್ತರವನ್ನೂ ಅಳೆದರು. ಆಮೇಲೆ ಶಾಲೆಯಲ್ಲಿ ಆ ತಾರೀಖುಗಳಿಗೆ ಎಷ್ಟು ಮಳೆ ಬಿದ್ದಿತ್ತು ಅಂತ ಹುಡುಕಿ ಗ್ರಾಫ್ ಮಾಡಿದರು. ಹಳೆಯ ನಗರಗಳಲ್ಲಿ ಮಳೆ ನೀರಿಗೂ ಕೊಳಚೆಗೂ ಒಂದೇ ಕೊಳವೆ. ಜೋರು ಮಳೆ ಬಂದರೆ ಕೊಳವೆ ಹಿಡಿಸಲಾರದೆ ನೀರು ಹಿಂದಕ್ಕೆ, ಮನೆಗಳ ಕಡೆಗೇ ತಿರುಗುತ್ತದೆ. ಹತ್ತು–ಹನ್ನೊಂದು ವರ್ಷದ ಮಕ್ಕಳು ಇದನ್ನು ಪ್ಲಾಸ್ಟಿಕ್ ಪೈಪು, ಬಕೆಟ್ಟು ಇಟ್ಟುಕೊಂಡು ಮಾಡಿ ತೋರಿಸಿದರು. ಮೊದಲ ಎರಡು ಮಾದರಿ ಸೋರಿದವು. ಟೀಚರ್ ಕೈ ಹಾಕಲಿಲ್ಲ. ಎಲ್ಲಿ ಸೋರಿತು, ಯಾಕೆ ಅಂತ ಬರೆಸಿದರು, ಅಷ್ಟೇ.

ಪ್ರಾಜೆಕ್ಟ್ ಅಂದರೆ ಇದು ಅಂತ ನನಗೆ ಅವತ್ತು ಮನದಟ್ಟಾಯಿತು. ಪ್ರಶ್ನೆ ಮಕ್ಕಳದೇ ಆಗಿರಬೇಕು. ಉತ್ತರ ಟೀಚರ್‌ಗೂ ಮೊದಲೇ ಗೊತ್ತಿರಬಾರದು. ಮಾಡಿದ್ದನ್ನು ತಿದ್ದಿ ಮತ್ತೆ ಮಾಡಲು ಸಮಯ ಕೊಡಬೇಕು. ಕೊನೆಗೆ ಅದನ್ನು ಶಾಲೆಯ ಹೊರಗಿನ ಯಾರಾದರೂ ನೋಡಬೇಕು. ಇಷ್ಟನ್ನೂ ಒಳ್ಳೆಯ ಖಾಸಗಿ ಶಾಲೆ ಮಾಡಬಹುದು. ಆದರೆ ಅಜ್ಜಿ ಮನೆಯ ಗೋಡೆಯನ್ನು ಯಾವ ಖಾಸಗಿ ಶಾಲೆ ತಂದುಕೊಡುತ್ತದೆ? ಆ ಹುಡುಗಿ ಅದೇ ಬೆಂಚಿನಲ್ಲಿ ಕೂತಿರದಿದ್ದರೆ ನನ್ನ ಮಗಳ ಗುಂಪು ಮುಚ್ಚಿದ ನದಿಯ ಚೆಂದದ ನಕ್ಷೆ ಮಾಡಿ ಚಪ್ಪಾಳೆ ಗಿಟ್ಟಿಸಿಕೊಂಡು ಮನೆಗೆ ಬರುತ್ತಿತ್ತು. ಜಾಗತಿಕ ಪೌರತ್ವದ ಪಾಠ ಪುಸ್ತಕದಲ್ಲಿ ಇಲ್ಲ, ಗೋಡೆಗೆ ಅಂಟಿಸಿದ ನೂರು ದೇಶಗಳ ಬಾವುಟಗಳಲ್ಲೂ ಇಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದರಲ್ಲಿ ಇದೆ. ನಾನು ಈ ಲೇಖನದಲ್ಲಿ ಹೇಳಬೇಕು ಅಂತಿರುವುದು ಇದೊಂದೇ.

ಎಕ್ಸಿಬಿಷನ್ ದಿನ ನನ್ನ ಅಪ್ಪ ಹುಣಸೂರಿನಿಂದ ಬಂದು ನಮ್ಮಲ್ಲೇ ಇದ್ದರು. ಆ ಅಜ್ಜಿಯೂ ಬಂದಿದ್ದರು. ಅವರ ಕುಟುಂಬ ಜಮೈಕಾ ಮೂಲದ್ದು. 1940ರ ದಶಕದಲ್ಲಿ ಇಲ್ಲಿನ ಹೊಗೆಸೊಪ್ಪಿನ ಹೊಲಗಳಿಗೆ ದುಡಿಯಲು ಜಮೈಕಾದಿಂದ ಬಹಳ ಜನ ಬಂದರು, ಹಾರ್ಟ್‌ಫರ್ಡ್‌ನಲ್ಲಿ ಇವತ್ತಿಗೂ ಅವರ ದೊಡ್ಡ ಸಮುದಾಯ ಇದೆ. ಚುಟ್ಟಾಕ್ಕೆ ಸುತ್ತುವ ತೆಳು ಎಲೆಯನ್ನು ಕನೆಕ್ಟಿಕಟ್ ನದಿ ಕಣಿವೆಯಲ್ಲಿ ಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆಯುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಹೊಗೆಸೊಪ್ಪಿನ ಬಗ್ಗೆ ಹೇಳಿಕೊಡಬೇಕೆ? ಅಪ್ಪ ಕೋಲಿಗೆ ಸೊಪ್ಪು ಪೋಣಿಸುವುದು, ಸೊಪ್ಪು ಹದ ಮಾಡುವ ಬ್ಯಾರನ್‌ಗೆ ಸೌದೆ ಹಾಕಿ ರಾತ್ರಿಯೆಲ್ಲ ಕಾಯುವುದು ಎಲ್ಲ ಹೇಳಿದರು. ನಾನು ಅನುವಾದಿಸಿದೆ. ಆ ಅಜ್ಜಿ ತಮ್ಮ ತಂದೆಯ ಬೆರಳುಗಳು ಕಪ್ಪಗೆ ಅಂಟಂಟಾಗಿ ಇರುತ್ತಿದ್ದುದನ್ನು ನೆನೆಸಿಕೊಂಡರು. ನಮ್ಮ ಮನೆಯವರಿಗೂ ಆ ಅಂಟು ಗೊತ್ತು. ಇಷ್ಟು ವರ್ಷ ಈ ರಾಜ್ಯದಲ್ಲಿದ್ದು ನಾನು ಹಾರ್ಟ್‌ಫರ್ಡ್‌ನ ಉತ್ತರ ಭಾಗದ ಒಬ್ಬರೊಡನೆಯೂ ಅಷ್ಟು ಹೊತ್ತು ಮಾತಾಡಿರಲಿಲ್ಲ. ಭಾನುವಾರದ ಕನ್ನಡ ತರಗತಿಗೆ ಮಗಳನ್ನು ತಪ್ಪದೆ ಕಳಿಸುತ್ತೇವೆ, ಅದು ಬೇಕೇ ಬೇಕು. ಆದರೆ ಅಲ್ಲಿ ಬರುವ ಮಕ್ಕಳೆಲ್ಲ ನಮ್ಮಂಥ ಮನೆಗಳವರೇ, ಅಲ್ವಾ?

ಈ ಶಾಲೆಗಳಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಚೀಟಿಯಲ್ಲಿ ಹೆಸರು ಬಾರದ ಹಾರ್ಟ್‌ಫರ್ಡ್ ಮಕ್ಕಳು ಹಳೆಯ ಶಾಲೆಗಳಲ್ಲೇ ಉಳಿಯುತ್ತಾರೆ, ಆ ಶಾಲೆಗಳಿಗೆ ಮಕ್ಕಳೂ ಕಡಿಮೆ, ದುಡ್ಡೂ ಕಡಿಮೆ ಆಗುತ್ತಾ ಬರುತ್ತದೆ. ಒಂದು ಕಾಲಕ್ಕೆ ಮಕ್ಕಳ ಪ್ರಮಾಣ ತಪ್ಪಬಾರದು ಅಂತ ಕೆಲವು ಮ್ಯಾಗ್ನೆಟ್ ಶಾಲೆಗಳಲ್ಲಿ ಸೀಟು ಖಾಲಿ ಬಿಟ್ಟಿದ್ದರು. ಹೊರಗೆ ನಗರದ ಮಕ್ಕಳು ಕಾಯುತ್ತಿದ್ದರು. ಅದು ತಪ್ಪು, ಅದರ ಮೇಲೆ ಕೋರ್ಟಿಗೂ ಹೋದರು. ಈಗ ಜನಾಂಗಕ್ಕಿಂತ ಕುಟುಂಬದ ಆರ್ಥಿಕ ಸ್ಥಿತಿ ನೋಡುವ ಕಡೆಗೆ ಲಾಟರಿ ತಿರುಗಿದೆ. ಮಕ್ಕಳ ಬಸ್ಸು ಪ್ರಯಾಣ ಉದ್ದ. ಗೆಳತಿಯರು ಹತ್ತು ಊರುಗಳಲ್ಲಿ ಹಂಚಿಹೋಗಿರುವುದರಿಂದ ಸಂಜೆ ಸುಮ್ನೆ ಓಡಿಹೋಗಿ ಆಡುವುದಕ್ಕೆ ಆಗುವುದಿಲ್ಲ. ಮಗ್ಗಿಯ ವಿಷಯದಲ್ಲಿ ಶಾಲೆ ಸಡಿಲ. ಅದನ್ನು ಮನೆಯಲ್ಲಿ ನಾವೇ ಬಾಯಿಪಾಠ ಮಾಡಿಸಿದೆವು. ಪ್ರಾಜೆಕ್ಟ್ ಎಷ್ಟೇ ಚೆನ್ನಾಗಿದ್ದರೂ ಏಳು ಎಂಟಲಿ ಐವತ್ತಾರು ಅಂತ ತಡವರಿಸದೆ ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಬದಲಾಯಿಸಿಕೊಳ್ಳುವ ಉದ್ದೇಶ ಇಲ್ಲ.

ಈಗ ನಮ್ಮ ಊರಿಗೆ ಬರುತ್ತೇನೆ. ಹುಣಸೂರು ತಾಲ್ಲೂಕನ್ನು ಒಂದು ಸಲ ನೋಡಿ. ಗುರುಪುರದಲ್ಲಿ ಟಿಬೆಟಿನಿಂದ ಬಂದವರ ಶಿಬಿರ ಇದೆ. ನಾಗರಹೊಳೆ ಕಾಡಂಚಿನಲ್ಲಿ ಜೇನುಕುರುಬರ ಹಾಡಿಗಳಿವೆ. ಪೇಟೆಯಲ್ಲಿ ಉರ್ದು ಮಾತಾಡುವವರು, ಹಳ್ಳಿಗಳಲ್ಲಿ ಹೊಗೆಸೊಪ್ಪಿನ ರೈತರು, ಅವರ ಹೊಲಕ್ಕೆ ಬರುವ ಕೂಲಿಯವರು. ಜಾಗತಿಕ ಪೌರತ್ವ ಕಲಿಸಬೇಕು ಅಂದರೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಆದರೆ ಟಿಬೆಟನ್ ಮಕ್ಕಳಿಗೆ ಅವರದೇ ಶಾಲೆ, ಹಾಡಿಯ ಮಕ್ಕಳಿಗೆ ಆಶ್ರಮ ಶಾಲೆ, ಉರ್ದು ಮಕ್ಕಳಿಗೆ ಉರ್ದು ಶಾಲೆ. ರೈತ, ನೌಕರ, ವ್ಯಾಪಾರಿಗಳ ಮಕ್ಕಳಿಗೆ ಹಳದಿ ವ್ಯಾನು, ಇಂಗ್ಲಿಷ್ ಮೀಡಿಯಂ. ಉಳಿದವರಿಗೆ ಸರ್ಕಾರಿ ಕನ್ನಡ ಶಾಲೆ. ಒಂದೊಂದಕ್ಕೂ ಒಂದೊಂದು ನ್ಯಾಯವಾದ ಕಾರಣ ಇದೆ. ಹಾಡಿಯ ಮಗುವಿಗೆ ಊಟ, ವಸತಿ ಬೇಕು. ಟಿಬೆಟನ್ನರಿಗೆ ತಮ್ಮ ಭಾಷೆ ಉಳಿಯಬೇಕು. ಆದರೂ ಮಕ್ಕಳು ಹತ್ತು ವರ್ಷ ಒಂದೇ ತಾಲ್ಲೂಕಿನಲ್ಲಿ ಬೆಳೆದು ಒಬ್ಬರನ್ನೊಬ್ಬರು ನೋಡುವುದು ಚಳಿಗಾಲದ ಸ್ವೆಟರ್ ಅಂಗಡಿಯಲ್ಲಿ, ಸಂತೆಯಲ್ಲಿ ಮಾತ್ರ.

ನಾನು ಓದಿದಾಗ ಪೇಟೆಯ ಸರ್ಕಾರಿ ಶಾಲೆಗೆ ಆಸ್ಪತ್ರೆ ಡಾಕ್ಟರ ಮಗನೂ ಬರುತ್ತಿದ್ದ, ಕಟ್ಟಿಗೆ ಡಿಪೋ ಕೂಲಿಯವರ ಮಗಳೂ ಬರುತ್ತಿದ್ದಳು. ಅದು ಸುವರ್ಣಯುಗ ಅಂತ ಹೇಳಲಾರೆ. ಕೇರಿಯ ಮಕ್ಕಳು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಏಳನೇ ಕ್ಲಾಸು ಮುಗಿಯುವ ಹೊತ್ತಿಗೆ ಅವರಲ್ಲಿ ಅರ್ಧ ಜನ ಕಾಣುತ್ತಿರಲಿಲ್ಲ. ಆದರೆ ಡಾಕ್ಟರ ಮಗನಿಗೆ ಅವರ ಹೆಸರು ಗೊತ್ತಿತ್ತು. ಇವತ್ತಿನ ಡಾಕ್ಟರ ಮಗನಿಗೆ ಗೊತ್ತಿರುವುದಿಲ್ಲ.

ತಂಗಿಯ ಮಗ ಹತ್ತಿರದ ಖಾಸಗಿ ಶಾಲೆಯಲ್ಲಿ ಓದುತ್ತಾನೆ. ಬೋರ್ಡಿನಲ್ಲಿ ಇಂಟರ್‌ನ್ಯಾಷನಲ್ ಅಂತ ಇದೆ. ಹೋದ ಸಲ ಊರಿಗೆ ಹೋದಾಗ ರಾತ್ರಿ ಹನ್ನೊಂದಾದರೂ ತಂಗಿ ಹಜಾರದಲ್ಲಿ ಕೂತು ಥರ್ಮೋಕೋಲ್ ಕತ್ತರಿಸುತ್ತಿದ್ದಳು. ಸೌರಮಂಡಲದ ಮಾಡೆಲ್. ಹುಡುಗ ಮಲಗಿದ್ದ. ಅವನೇ ಮಾಡಲಿ ಬಿಡು ಅಂದೆ. "ಅಣ್ಣ, ನೀಟಾಗಿದ್ರೇನೇ ಮಾರ್ಕ್ಸ್ ಕೊಡೋದು. ಅವನೇ ಮಾಡಿದ್ರೆ ಯಾರು ನೋಡ್ತಾರೆ ಹೇಳು?" ಅಂದಳು. ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ಮಾಡೆಲ್ಲೇ ಸಿಗುತ್ತದಂತೆ, ಇವಳು ದುಡ್ಡು ದಂಡ ಅಂತ ತಾನೇ ಮಾಡುತ್ತಿದ್ದಳು. ದಿನವಿಡೀ ದುಡಿದು ಬಂದ ತಾಯಂದಿರ ಮೇಲೆ ಈ ಹೊರೆ ಹಾಕಿ ಅದಕ್ಕೆ ಪ್ರಾಜೆಕ್ಟ್ ಅನ್ನುವುದು ನನಗೆ ಬಹಳ ಬೇಸರ ತರುತ್ತದೆ. ಮಗು ಕಲಿತದ್ದೇನು? ಕೆಲಸ ಬೇರೆಯವರು ಮಾಡುತ್ತಾರೆ, ಹೆಸರು ತನ್ನದಾಗುತ್ತದೆ ಅನ್ನುವುದು.

ಮಾಡಿ ಕಲಿಯುವುದು ನಮಗೆ ಅಮೆರಿಕದಿಂದ ಬರಬೇಕಾದ ವಿದ್ಯೆಯೂ ಅಲ್ಲ. ಕಿಲ್‌ಪ್ಯಾಟ್ರಿಕ್ ಅನ್ನುವ ಶಿಕ್ಷಣತಜ್ಞ ಅಮೆರಿಕದಲ್ಲಿ ಪ್ರಾಜೆಕ್ಟ್ ವಿಧಾನದ ಬಗ್ಗೆ ಬರೆದದ್ದು 1918ರಲ್ಲಿ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕಸುಬಿನ ಮೂಲಕ ಕಲಿಸುವ ನಯೀ ತಾಲೀಮ್ ಮುಂದಿಟ್ಟರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ಮಾಡಿದರು. ಇನ್ನೂ ಹತ್ತಿರದ್ದು ಬೇಕೆಂದರೆ ನಮ್ಮ ಪಕ್ಕದ ತಾಲ್ಲೂಕು ಹೆಗ್ಗಡದೇವನಕೋಟೆ. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, 1995ರಲ್ಲಿ ಅಲ್ಲಿ ನಲಿ ಕಲಿ ಶುರು ಮಾಡಿದರು. ಮಕ್ಕಳು ಗುಂಪು ಗುಂಪಾಗಿ ಕೂತು ಕಾರ್ಡು ಎತ್ತಿಕೊಂಡು, ಕಲಿಕಾ ಏಣಿಯ ಮೆಟ್ಟಿಲು ನೋಡಿಕೊಂಡು ತಮ್ಮ ವೇಗಕ್ಕೆ ಕಲಿಯುತ್ತಾರೆ. ಮುಂದೆ ಬಂದ ಮಗು ಹಿಂದೆ ಇರುವ ಮಗುವಿಗೆ ಹೇಳಿಕೊಡುತ್ತದೆ. ಆಮೇಲೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗೂ ಅದೇ ಬಂತು. ಕಾರ್ಡು ಹರಿದರೆ ಹೊಸದು ಬಾರದು, ಒಬ್ಬರೇ ಟೀಚರು ನಾಲ್ಕು ಕೆಲಸ ನೋಡಬೇಕು ಅನ್ನುವ ಕಷ್ಟಗಳೆಲ್ಲ ಇವೆ. ಆದರೂ ಮೂಲ ಕಲ್ಪನೆ ಜಗತ್ತಿನ ಯಾವ ಶಾಲೆಗೂ ಕಡಿಮೆಯದಲ್ಲ. ಸರ್ಕಾರಿ ಶಾಲೆಗಳ ಮಕ್ಕಳ ಸಂತೆಯನ್ನು ನೋಡಿದ್ದೀರಾ? ಮನೆಯಿಂದ ಸೊಪ್ಪು, ನಿಂಬೆಹಣ್ಣು, ಮಂಡಕ್ಕಿ ತಂದು, ತಕ್ಕಡಿ ಹಿಡಿದು, ಚೌಕಾಸಿ ಮಾಡಿ, ಸಂಜೆ ಲಾಭ ನಷ್ಟದ ಲೆಕ್ಕ ಬರೆಯುತ್ತಾರೆ. ಅಲ್ಲಿ ಥರ್ಮೋಕೋಲ್ ಇಲ್ಲ, ಗಿರಾಕಿ ನಿಜ, ಚಿಲ್ಲರೆ ನಿಜ.

ಹಾಗಾದರೆ ನಮ್ಮಲ್ಲಿ ಕೊರತೆ ಇರುವುದು ಬೋಧನಾ ಕ್ರಮದಲ್ಲಲ್ಲ. ಆ ಸಂತೆಗೆ ಡಾಕ್ಟರ ಮಗ ಬರುತ್ತಿಲ್ಲ, ಅದು ಕೊರತೆ. ಬೆಂಗಳೂರಿನಲ್ಲಿ ಐಬಿ ಶಾಲೆಗಳು ಬೇಕಾದಷ್ಟಿವೆ. ವರ್ಷಕ್ಕೆ ಹಲವು ಲಕ್ಷ ಫೀಸು. ಇಲ್ಲಿಂದ ವಾಪಸು ಹೋದ ನನ್ನ ಸ್ನೇಹಿತರ ಮಕ್ಕಳು ಅಲ್ಲಿ ಓದುತ್ತಾರೆ. ಭೂಮಿಯನ್ನು ಹೇಗೆ ಹಂಚಿಕೊಳ್ಳುತ್ತೇವೆ ಅನ್ನುವ ಅದೇ ಪಾಠ, ಅದೇ ಎಕ್ಸಿಬಿಷನ್. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಮಳೆ ನೀರು ನುಗ್ಗಿದಾಗ ವಿಲ್ಲಾಗಳೂ ಮುಳುಗಿದವು, ಪಕ್ಕದ ಶೆಡ್ಡುಗಳೂ ಮುಳುಗಿದವು. ರಾಜಕಾಲುವೆ ಎರಡಕ್ಕೂ ಒಂದೇ. ಆ ಎರಡು ಕಡೆಯ ಮಕ್ಕಳು ಒಂದೇ ತರಗತಿಯಲ್ಲಿ ಕೂತು ಅದರ ಬಗ್ಗೆ ಪ್ರಾಜೆಕ್ಟ್ ಮಾಡಿದ್ದರೆ ಎಂಥ ಪ್ರಾಜೆಕ್ಟ್ ಆಗುತ್ತಿತ್ತು!

ಇದು ನಮಗೆ ಹೊಳೆಯದ ವಿಚಾರವೂ ಅಲ್ಲ. ಕೊಠಾರಿ ಆಯೋಗ 1966ರಲ್ಲೇ, ಎಲ್ಲರ ಮಕ್ಕಳಿಗೂ ನೆರೆಹೊರೆಯ ಸಮಾನ ಶಾಲೆ ಇರಲಿ ಎಂದಿತ್ತು. ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಮೀಸಲಿಟ್ಟಿತು. ಕರ್ನಾಟಕದಲ್ಲಿ 2012ರಿಂದ ಅದು ಜಾರಿಗೆ ಬಂತು. ಸೀಟು ಹಂಚುತ್ತಿದ್ದುದೂ ಲಾಟರಿಯಲ್ಲೇ! ಕಷ್ಟಗಳು ಬಂದವು, ಕೆಲವು ಶಾಲೆಗಳು ಆ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ. ಆದರೆ ಅಟೋ ಓಡಿಸುವವರ ಮಗಳು ಆಡಿಟರ ಮಗನ ಪಕ್ಕ ಕೂತಿದ್ದೂ ಆಗಲೇ. 2019ರ ಆರಂಭದಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವುದಿಲ್ಲ ಎಂದಿತು. ಲಕ್ಷ ದಾಟಿದ್ದ ಸೀಟುಗಳು ಕೆಲವೇ ಸಾವಿರಕ್ಕೆ ಇಳಿದವು. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ಆ ದುಡ್ಡನ್ನು ಖಾಸಗಿಯವರಿಗೆ ಯಾಕೆ ಕೊಡಬೇಕು ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಆದರೆ ಆ ವಾದದಿಂದ ಸರ್ಕಾರಿ ಶಾಲೆಗೆ ಡಾಕ್ಟರ ಮಗ ವಾಪಸು ಬರಲಿಲ್ಲ, ಖಾಸಗಿ ಶಾಲೆಯಿಂದ ಅಟೋದವರ ಮಗಳು ಹೊರಗುಳಿದಳು, ಅಷ್ಟೇ. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು.

ನವೋದಯ ಶಾಲೆಗಳನ್ನು ಇಲ್ಲಿ ನೆನೆಯಲೇಬೇಕು. 1980ರ ದಶಕದ ಮಧ್ಯದಲ್ಲಿ ಶುರುವಾದವು, ಜಿಲ್ಲೆಗೊಂದು. ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ. ಒಂಬತ್ತನೇ ತರಗತಿಯಲ್ಲಿ ಸುಮಾರು ಶೇ. 30 ಮಕ್ಕಳು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ಪ್ರದೇಶದ ನವೋದಯಕ್ಕೆ ಹೋಗಿ ಓದುತ್ತಾರೆ. ಕನ್ನಡದ ಹಳ್ಳಿ ಹುಡುಗಿ ಹಿಂದಿ ಸೀಮೆಯ ಚಳಿಯಲ್ಲಿ ಒಂದು ವರ್ಷ ಕಳೆಯುತ್ತಾಳೆ, ಅಲ್ಲಿಯ ಹುಡುಗ ಇಲ್ಲಿಗೆ ಬಂದು ಮುದ್ದೆ ನುಂಗಲು ಕಲಿಯುತ್ತಾನೆ. ನಾನು ಕಂಡ ಮಟ್ಟಿಗೆ ಪೌರತ್ವದ ಶಿಕ್ಷಣ ಅಂದರೆ ಇದು. ಇಲ್ಲಿನ ಶಾಲೆಯವರಿಗೆ ಈ ವ್ಯವಸ್ಥೆ ವಿವರಿಸಿದಾಗ ಬೆರಗಾಗಿ ಕೇಳಿದರು. ನನಗೆ ಒಪ್ಪದಿರುವುದು ಅಲ್ಲಿನ ಪ್ರವೇಶ ಪರೀಕ್ಷೆ ಒಂದೇ. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ಐದನೇ ಕ್ಲಾಸಿನ ಮಕ್ಕಳು ಗೈಡು ಹಿಡಿದು ಕೋಚಿಂಗ್‌ಗೆ ಹೋಗುತ್ತಾರೆ. ಕೋಚಿಂಗ್ ಕೊಡಿಸಲಾಗದ ಮನೆಯ ಮಗು ಅಲ್ಲೇ ಸೋಲುತ್ತದೆ.

ಯುಗಾದಿ ಊಟದಲ್ಲಿ ನನ್ನನ್ನು ಕೇಳಿದ ಹಿರಿಯರ ಭಯ ಇಲ್ಲಿಗೇ ಬಂದು ನಿಲ್ಲುತ್ತದೆ. ಲಾಟರಿ ಅಂದರೆ ನಮ್ಮ ಮಗುವಿನ ಬುದ್ಧಿಗೆ ಬೆಲೆ ಇಲ್ಲ ಅನ್ನಿಸುತ್ತದೆ. ನಾವೆಲ್ಲ ಪರೀಕ್ಷೆ ಬರೆದು, ರ‍್ಯಾಂಕು ತಗೊಂಡು, ಆ ಏಣಿ ಹತ್ತಿ ಇಲ್ಲಿಗೆ ಬಂದವರು. ಪರೀಕ್ಷೆ ನ್ಯಾಯ ಅನ್ನುವುದು ನಮ್ಮ ರಕ್ತದಲ್ಲಿದೆ. ಎಂಜಿನಿಯರಿಂಗ್ ಸೀಟಿಗೆ ಪರೀಕ್ಷೆ ಇರಲಿ. ಐದು ವರ್ಷದ ಮಗುವಿಗೆ, ಹತ್ತು ವರ್ಷದ ಮಗುವಿಗೆ ಪರೀಕ್ಷೆ ಇಟ್ಟರೆ ನಾವು ಅಳೆಯುವುದು ಅವರ ಅಪ್ಪ ಅಮ್ಮಂದಿರನ್ನು. ಮಗಳ ತರಗತಿಯಲ್ಲಿ ಓದಿನಲ್ಲಿ ಅವಳಿಗಿಂತ ಮುಂದಿರುವವರೂ ಇದ್ದಾರೆ, ಇನ್ನೂ ಅಕ್ಷರ ಕೂಡಿಸಿ ಓದುವವರೂ ಇದ್ದಾರೆ. ಅವಳ ಓದು ಇದರಿಂದ ಕೆಟ್ಟಿಲ್ಲ. ತನ್ನ ಗುಂಪಿನವರಿಗೆ ಅರ್ಥವಾಗುವ ಹಾಗೆ ವಿವರಿಸುವುದನ್ನು ಅವಳು ಕಲಿತದ್ದು ಅಲ್ಲೇ.

ನಮ್ಮ ಕನ್ನಡ ಕೂಟಗಳು ಪ್ರತಿ ವರ್ಷ ಊರಿನ ಸರ್ಕಾರಿ ಶಾಲೆಗಳಿಗೆ ನೆರವು ಕಳಿಸುತ್ತವೆ. ಸ್ಮಾರ್ಟ್ ಟಿವಿ, ಬೆಂಚು, ಶೌಚಾಲಯ. ಒಳ್ಳೆಯ ಕೆಲಸ, ನಿಲ್ಲಿಸಬಾರದು. ಅದರ ಜೊತೆಗೆ ಇನ್ನೊಂದನ್ನು ಮಾಡೋಣ ಅಂತ ನಮ್ಮ ಸಮಿತಿಯಲ್ಲಿ ಕೇಳಿದ್ದೇನೆ. ಒಂದೇ ತಾಲ್ಲೂಕಿನ ನಾಲ್ಕು ಥರದ ಶಾಲೆ ತಗೊಳ್ಳೋಣ: ಸರ್ಕಾರಿ ಶಾಲೆ, ಖಾಸಗಿ ಇಂಗ್ಲಿಷ್ ಶಾಲೆ, ಆಶ್ರಮ ಶಾಲೆ, ಉರ್ದು ಶಾಲೆ. ಆರನೇ ತರಗತಿಯ ಮಕ್ಕಳನ್ನು ಚೀಟಿ ಎತ್ತಿ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ನಾಲ್ಕೂ ಕಡೆಯವರು ಇರುವ ಹಾಗೆ ನೋಡಿಕೊಳ್ಳೋಣ. ವಾರಕ್ಕೆ ಒಂದು ಮಧ್ಯಾಹ್ನ, ಒಂದು ಇಡೀ ಅವಧಿ, ತಮ್ಮ ಊರಿನದೇ ಒಂದು ಪ್ರಶ್ನೆ. ಹುಣಸೂರಿನಲ್ಲಾದರೆ ಲಕ್ಷ್ಮಣತೀರ್ಥದ ನೀರು ಪೇಟೆಯ ಮೇಲ್ಭಾಗದಲ್ಲಿ ಹೇಗಿದೆ, ಕೆಳಭಾಗದಲ್ಲಿ ಹೇಗಿದೆ ಅನ್ನುವುದರಿಂದ ಶುರು ಮಾಡಬಹುದು. ಖರ್ಚು ಬರುವುದು ವ್ಯಾನಿಗೆ, ಮಕ್ಕಳ ಊಟಕ್ಕೆ, ಜೊತೆಗೆ ಓಡಾಡುವ ಒಬ್ಬ ಟೀಚರಿಗೆ. ಒಂದು ಸ್ಮಾರ್ಟ್ ಕ್ಲಾಸಿಗೆ ಹಾಕುವ ದುಡ್ಡಿನಲ್ಲಿ ಬಹಳ ದೂರ ಬರುತ್ತದೆ. ಖಾಸಗಿ ಶಾಲೆಯ ಪೋಷಕರು ಒಪ್ಪುತ್ತಾರಾ ಅಂತ ಸಮಿತಿಯಲ್ಲಿ ಕೇಳಿದರು. ತಂಗಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮಾರ್ಕ್ಸ್ ಕೊಡ್ತಾರೆ ಅಂದ್ರೆ ಕಳಿಸ್ತೀವಿ ಅಣ್ಣ" ಅಂದಳು. ಹಾಗಾದರೆ ಮಾರ್ಕ್ಸ್ ಕೊಡುವ ಹಾಗೆ ಆ ಶಾಲೆಯವರ ಜೊತೆ ಮಾತಾಡಬೇಕು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಮೊದಲು ಊರಿಗೆ ಹೋಗುತ್ತಿದ್ದೇನೆ.